ಸರ್ವೆ ಸಾಹೇಬರ ದಾರಿ ತೋರುವ ಡಬ್ಬಿ

ಕೆಲವರಿಗೆ ಕಾಲಕಾಲಕ್ಕೆ ನೆಗಡಿ ಬರುವಂತೆ ನನಗೆ ಮಾನ ಹೋಗುವ ಪ್ರಸಂಗಗಳು ಬರುತ್ತವೆ. ಒಂದು ಮರೆಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಉಳಿದವು ಹಾಗಿರಲಿ, ದಾರಿಯ ವಿಷಯದಲ್ಲಿ ಆದವನ್ನಷ್ಟೇ ಇಲ್ಲಿ ಹೇಳುತ್ತೇನೆ.

ನಾನು ಸರ್ವೆ ಖಾತೆಯಲ್ಲಿ ಮೂವತ್ತು ವರ್ಷ ಭೂಮಾಪಕನಾಗಿದ್ದವನು. ಮಹಾಗಾಂವ, ಕಮಲಾಪುರದ ಕಡೆಯ ಹೊಲಗಳಲ್ಲಿ ಸರಪಳಿ ಹಿಡಿದು ಅಡ್ಡಾಡಿದವನು. ಯಾರ ಬದು ಎಲ್ಲಿ ಮುಗಿಯುತ್ತದೆ ಎಂದು ಈಗ ಕೇಳಿದರೂ ಹೇಳಬಲ್ಲೆ. ಆ ಊರಿಗೆ ಹೋಗುವುದು ಹೇಗೆ ಎಂದು ಮಾತ್ರ ಕೇಳಬೇಡಿ. ಬಸ್ಸು ಇಳಿದ ಕೂಡಲೇ, ಸರಕಾರಿ ಚಾಕರಿಗೆಂದು ಇರುವ ಊರಿನ ವಾಲೀಕಾರ ನನ್ನ ಚೀಲ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆಯುತ್ತಿದ್ದ, ನಾನು ಹಿಂದೆ. ಕೆಲಸ ಮುಗಿದ ಮೇಲೆ ಅವನೇ ಬಸ್ಸು ಹತ್ತಿಸುತ್ತಿದ್ದ. ಹಾಗಾಗಿ ಮೂವತ್ತು ವರ್ಷ ನಾನು ದಾರಿಯಲ್ಲಿ ನೋಡಿದ್ದೆಂದರೆ ವಾಲೀಕಾರನ ಹಿಮ್ಮಡಿಗಳು.

೧. ಮೊದಲನೆಯ ಲಗ್ನ

ನನಗೊಬ್ಬಳೇ ತಂಗಿ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ಲಗ್ನ ಕಮಲಾಪುರದಾಚೆ, ಗಂಡಿನವರ ಊರಿನಲ್ಲಿ. ನಮ್ಮವರಲ್ಲಿ ಅಂತರಪಟ ಹಿಡಿದಾಗ ಸೋದರಮಾವ ಮದುಮಗಳ ಬೆನ್ನಿಗೆ ನಿಲ್ಲಬೇಕು. ಎಲ್ಲರೂ ಹಿಂದಿನ ದಿನವೇ ಬಸ್ಸು ಮಾಡಿಕೊಂಡು ಹೋದರು. ನನಗೆ ಆಫೀಸಿನ ಕೆಲಸ. ಹೊಸದಾಗಿ ಒಂದು ಹಳೇ ಕಾರು ಬೇರೆ ತೆಗೆದುಕೊಂಡಿದ್ದೆ. ಬೆಳಿಗ್ಗೆ ಹೆಂಡತಿಯನ್ನು ಕೂಡಿಸಿಕೊಂಡು ಬಂದುಬಿಡುತ್ತೇನೆ ಎಂದು ಮಾತು ಕೊಟ್ಟೆ.

ಕಮಲಾಪುರ ದಾಟಿ ಒಳದಾರಿ ಹಿಡಿದ ಮೇಲೆ ಒಂದು ಹುಣಸೆಮರ ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಹುಣಸೆಮರ. ಮೂರನೆಯದೂ ಬಂದಾಗ ಈ ಭಾಗದಲ್ಲಿ ಹುಣಸೆ ಚೆನ್ನಾಗಿ ಬೆಳೆಯುತ್ತದೆ ಎಂದೆ. ಹೆಂಡತಿ, ಮೂರೂ ಮರದ ಕೆಳಗೆ ಅದೇ ಮುದುಕ ಕೂತಿದ್ದಾನೆ ಎಂದಳು. ಯಾರನ್ನಾದರೂ ಕೇಳಿರಿ ಎಂದು ಅವಳ ಒತ್ತಾಯ. ನಾನು ಅಳೆದ ಸೀಮೆಯಲ್ಲಿ ನಾನು ಯಾರನ್ನು ಕೇಳಲಿ ಎಂದು ನನ್ನ ಬಿಗುಮಾನ. ಅಷ್ಟರಲ್ಲಿ ತಂಗಿಯ ಗಂಡನ, ಅಂದರೆ ನಮ್ಮ ಭಾವನ, ಫೋನು ಬಂತು. ಇಲ್ಲೇ ಊರ ಹತ್ತಿರ ಬಂದೆ ಎಂದು ಹೇಳಿಬಿಟ್ಟೆ. ಊರ ಹತ್ತಿರ ಇದ್ದದ್ದು ನಿಜ, ಯಾವ ಊರು ಎಂಬುದು ಗೊತ್ತಿರಲಿಲ್ಲ.

ನಾವು ಮಂಟಪ ಸೇರಿದಾಗ ಅಂತರಪಟ ಮಡಚಿ ಟ್ರಂಕಿನಲ್ಲಿಟ್ಟಾಗಿತ್ತು. ನನ್ನ ಜಾಗದಲ್ಲಿ ಪಕ್ಕದ ಮನೆಯವರು ಯಾರೋ ನಿಂತಿದ್ದರಂತೆ. ತಂಗಿ ನನ್ನ ಹೆಂಡತಿಯ ಕೈ ಹಿಡಿದು ಒಳಗೆ ಕರೆದೊಯ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಮೂರು ವರ್ಷ ನನ್ನೊಡನೆ ಮಾತಾಡಲಿಲ್ಲ. ಫೋನು ನಾನೆತ್ತಿದರೆ ಆ ಕಡೆ ಬರೀ ಉಸಿರಾಟ. ಹೆಂಡತಿಯ ಕೈಗೆ ಕೊಟ್ಟ ಮೇಲೆ ಅದಕ್ಕೆ ಬಾಯಿ ಬರುತ್ತಿತ್ತು. ನಾಚಿಕೆಯಿಂದ ನಾನು ಫೋನು ಎತ್ತುವುದನ್ನೇ ಬಿಟ್ಟೆ. ಅದಕ್ಕೂ ಮೊದಲು ದೂರವಾಣಿ ಖಾತೆಯವರೊಮ್ಮೆ ಲೈನು ಪರೀಕ್ಷೆಗೆ ಫೋನು ಮಾಡಿ ಸುಮ್ಮನಿದ್ದಾಗ, ತಂಗಿಯೇ ಎಂದು ತಿಳಿದು ಕ್ಷಮೆ ಕೇಳಿದವನು ನಾನು.

೨. ಅಂಗಡಿಯ ಮುಂದೆ ಆಕಾಶ

ಕಿರಿಯವಳ ಲಗ್ನವೂ ನಿಶ್ಚಯವಾಯಿತು. ಅದೂ ಕಮಲಾಪುರದ ಕಡೆಯ ಹಳ್ಳಿಯೇ. ಆಮಂತ್ರಣ ಪತ್ರಿಕೆ ತಂದ ಭಾವ ಚಹಾ ಕುಡಿದು ಎದ್ದವರು ಬಾಗಿಲ ಹತ್ತಿರ ನಿಂತು, "ಈ ಸಲ ಸೋದರಮಾವನ ಜಾಗಾ ಖಾಲಿ ಬಿದ್ರ ನಿಮ್ಮ ತಂಗಿ ನಿಮ್ಮ ಮನಿ ಹೊಸ್ತಿಲಾ ತುಳಿಯೋದಿಲ್ಲ ನೋಡ್ರಿ" ಅಂದರು. ಬಸ್ಸಿನಲ್ಲೇ ಬನ್ನಿರಿ ಎಂದೂ ಹೇಳಿದರು. ಮಾತಾಡದ ತಂಗಿಯ ಎದುರು ಬಸ್ಸಿನಲ್ಲಿ ಅಷ್ಟು ಹೊತ್ತು ಹೇಗೆ ಕೂಡಲಿ? ಕಾರಿನಲ್ಲೇ ಬರುತ್ತೇನೆ, ಈ ಸಲ ವ್ಯವಸ್ಥೆ ಮಾಡಿಕೊಂಡಿದ್ದೇನೆ ಎಂದೆ.

ವ್ಯವಸ್ಥೆ ಎಂದರೆ ಆಗಷ್ಟೇ ನಮ್ಮ ಕಡೆ ಕಾಣಿಸಿಕೊಳ್ಳುತ್ತಿದ್ದ ದಾರಿ ತೋರುವ ಡಬ್ಬಿ. ಕಾರಿನ ಗಾಜಿಗೆ ಅಂಟಿಸಿದರೆ ಉಪಗ್ರಹದ ಜೊತೆ ಮಾತಾಡಿ ನಮಗೆ ದಾರಿ ಹೇಳುತ್ತದಂತೆ. ನಮ್ಮೂರ ರೋಜಾ ಬಡಾವಣೆಯ ಹತ್ತಿರದ ಅಂಗಡಿಯೊಂದರಲ್ಲಿ ಎರಡು ಬಂದಿವೆ ಎಂದು ಕೇಳಿ, ಒಂದು ಸಂಜೆ ಹೋದೆ. ಅಂಗಡಿಯವನು ಕರಿ ಬಣ್ಣದ್ದು ತೆಗೆದು, ಇದರಲ್ಲಿ ಇಡೀ ದುನಿಯಾ ಇದೆ ಎಂದ. ಮಹಾಗಾಂವ ತೋರಿಸು ಎಂದೆ. ಅವನು ಲಂಡನ್ ತೋರಿಸಿದ. ಮಹಾಗಾಂವ ಎಂದೆ. ದುಬೈ ತೋರಿಸಿದ. ಕೊನೆಗೆ ಸೋತು ಎರಡನೆಯದು, ಬಿಳಿಯದು, ತೆಗೆದ. ನಾನು ಅನುಭವಸ್ಥನಂತೆ ಅದರ ಸ್ಕೇಲು ಎಷ್ಟು, ನಕ್ಷೆಯ ಮೇಲೆ ಯಾರ ಸಹಿ ಇದೆ ಎಂದು ಕೇಳಿದೆ. ಅವನು ಗ್ಯಾರಂಟಿ ಕಾರ್ಡು ಕೊಟ್ಟ.

ಚಾಲೂ ಮಾಡಿದರೆ ಉಪಗ್ರಹ ಹುಡುಕಾಕತ್ತದ, ತಡೀರಿ ಎಂದ. ಮೇಲೆ ಸ್ಲ್ಯಾಬು ಇದ್ದರೆ ಸಿಗುವುದಿಲ್ಲವಂತೆ. ಇಬ್ಬರೂ ಬೀದಿಗೆ ಬಂದು ಡಬ್ಬಿಯನ್ನು ಎತ್ತಿ ಹಿಡಿದು ಆಕಾಶ ನೋಡುತ್ತ ನಿಂತೆವು. ಉಪಗ್ರಹ ಕಣ್ಣಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ನಾನೇಕೆ ನೋಡಿದೆನೋ. ನಮ್ಮನ್ನು ಕಂಡು ಪಕ್ಕದ ಅತ್ತರಿನ ಅಂಗಡಿಯವರು ನೋಡಿದರು, ಖರ್ಜೂರದ ಬಂಡಿಯವನು ನೋಡಿದ, ಸೈಕಲ್ಲಿನವರು ಇಳಿದು ನೋಡಿದರು. ಅದು ರಮಜಾನಿನ ಕೊನೆಯ ಸಂಜೆಗಳಲ್ಲೊಂದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅರ್ಧ ಬೀದಿ ಮೇಲೆ ನೋಡುತ್ತಿತ್ತು. ಅತ್ತರಿನ ಹಿರಿಯರು ಹತ್ತಿರ ಬಂದು ಮೆಲ್ಲಗೆ, ಚಾಂದ್ ಕಂಡಿತೇನ್ರಿ ಸಾಬ್ ಎಂದು ಕೇಳಿದರು. ನಾನು ಗಡಬಡಿಸಿ, ಇನ್ನೂ ಸಿಗ್ನಲ್ ಬಂದಿಲ್ಲ ಎಂದೆ.

ಅವರು ನನ್ನನ್ನೂ ಡಬ್ಬಿಯನ್ನೂ ಒಂದು ಸಲ ನೋಡಿ, "ಚಾಂದ್ ಬರಾಕ ಸಿಗ್ನಲ್ ಬೇಕಿಲ್ರಿ ಸಾಬ್. ಮೋಡ ಸರಿದ್ರ ಸಾಕು" ಅಂದರು.

೩. ಕೋಟೆಯ ಹಿಂಬದಿ

ಅಂಗಡಿಯವನ ಪ್ಲಾಟಿನ ಅಳತೆಯನ್ನು ಹಿಂದೆ ನಾನೇ ಮಾಡಿಕೊಟ್ಟಿದ್ದೆನಾದ್ದರಿಂದ, ಎರಡೂ ಡಬ್ಬಿ ಒಯ್ದು ನೋಡಿ ಬೇಕಾದದ್ದು ಇಟ್ಟುಕೊಳ್ಳಿ ಎಂದ. ಮರುದಿನ ಹೆಂಡತಿಯ ಜೊತೆ ಪರೀಕ್ಷೆಗೆ ಹೊರಟೆ. ಊರೊಳಗೆ ಎಲ್ಲಿಗೆ ಹೋದರೂ ತಪ್ಪುವ ಹಾಗಿಲ್ಲದ ಜಾಗ ಎಂದು ಕೋಟೆ ಆರಿಸಿಕೊಂಡೆ.

ಕರಿ ಡಬ್ಬಿ ಇಂಗ್ಲಿಷಿನಲ್ಲಿ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತ ನಮ್ಮನ್ನು ಯಾವಯಾವುದೋ ಗಲ್ಲಿಯಲ್ಲಿ ತಿರುಗಿಸಿತು. ಒಬ್ಬರ ಅಂಗಳದಲ್ಲಿ ಹಾಸಿದ್ದ ಹಪ್ಪಳ ಎತ್ತಿಸಿ ಮುಂದೆ ಹೋದೆವು. ಕೊನೆಗೆ ಖಂದಕದ ಅಂಚಿನಲ್ಲಿ ನಿಲ್ಲಿಸಿ, ನಿಮ್ಮ ಜಾಗ ಬಂತು ಎಂದು ಹೇಳಿ ಸುಮ್ಮನಾಯಿತು. ಎದುರಿಗೆ ಕೋಟೆಯೇ, ಸುಳ್ಳಲ್ಲ. ಆದರೆ ಹಿಂಬದಿ. ನಡುವೆ ಖಂದಕ, ಆಚೆ ಎತ್ತರದ ಗೋಡೆ, ಬಾಗಿಲು ಎಲ್ಲೂ ಇಲ್ಲ. ನಾನು ಡಬ್ಬಿಯ ಪರ ವಹಿಸಿ, ನೇರ ಗೆರೆ ಎಳೆದರೆ ಇದೇ ಸಮೀಪ, ಲೆಕ್ಕ ಸರಿಯಾಗಿದೆ ಎಂದೆ.

ಹೆಂಡತಿ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೌದ್ರಿ, ಬಹಮನಿ ಕಾಲದಾಗ ವೈರಿಗಳೂ ಇಲ್ಲೀ ತನಕಾನೇ ಬರ್ತಿದ್ರು" ಅಂದಳು.

೪. ಬಿಳಿ ಡಬ್ಬಿ ಗೆದ್ದದ್ದು

ಹೀಗೆ ಕರಿಯದು ಸೋತಿತು. ಬಿಳಿಯದನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವಿತ್ತು. ಕರಿಯದರಲ್ಲಿ ಕಮಲಾಪುರದಾಚೆ ಬರೀ ಖಾಲಿ ಬಯಲು. ಬಿಳಿಯದರಲ್ಲಿ ಕೂದಲೆಳೆಯಂಥ ಬಂಡಿದಾರಿಗಳೂ ಇದ್ದವು. ಹಳೇ ಸರಕಾರಿ ನಕ್ಷೆಗಳನ್ನೆಲ್ಲ ಕೂಡಿಸಿ ಮಾಡಿದ್ದು ಎಂದು ಅಂಗಡಿಯವನು ಹೇಳಿದಾಗ ನನ್ನ ಎದೆ ಉಬ್ಬಿತು. ಇದನ್ನು ನಂಬಬಹುದು, ನಮ್ಮ ಖಾತೆಯದು ಎಂದು ಹೆಂಡತಿಗೆ ಹೇಳಿದೆ. ಅವಳು, ಅದಕ್ಕೇ ಹೆದರಿಕೆ ಎಂದಳು.

ಲಗ್ನದ ದಿನ ಮುಹೂರ್ತಕ್ಕೆ ನಾಲ್ಕು ತಾಸು ಮೊದಲೇ ಹೊರಟೆವು. ಒಂದು ತಾಸಿನ ದಾರಿ. ಮಹಾಗಾಂವ ದಾಟಿತು, ಕಮಲಾಪುರ ಬಂತು. ಬೀಗರಿಗೆಂದು ಕೆಂಪು ಬಾಳೆಹಣ್ಣು ಕೊಳ್ಳಲು ನಿಲ್ಲಿಸಿದೆ. ನಾನು ಹಣ್ಣು ಆರಿಸುತ್ತಿದ್ದಾಗ ಹೆಂಡತಿ ನನ್ನ ಅಪ್ಪಣೆಯಿಲ್ಲದೆ ಹಣ್ಣಿನವಳನ್ನು ದಾರಿ ಕೇಳಿಬಿಟ್ಟಳು. ಡಾಂಬರು ರಸ್ತೆ ಬಿಡಬೇಡಿರಿ, ಕೆರೆ ದಾಟಿ ಎಡಕ್ಕೆ ಹೋಗಿರಿ ಎಂದು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಕೆರೆಗಿಂತ ಮೊದಲೇ ಡಬ್ಬಿ ಬಲಕ್ಕೆ ಎಂದಿತು. ಎಡಕ್ಕೆ ಎಂದದ್ದು ಬಾಳೆಹಣ್ಣು ಮಾರುವವಳು. ಬಲಕ್ಕೆ ಎಂದದ್ದು ಉಪಗ್ರಹ. ನಾನು ಬಲಕ್ಕೆ ತಿರುಗಿದೆ.

ಡಾಂಬರು ಹೋಗಿ ಮಣ್ಣಾಯಿತು, ಮಣ್ಣು ಹೋಗಿ ಬದುವಾಯಿತು, ಬದು ಹೋಗಿ ತೊಗರಿಯಾಯಿತು. ಆಳೆತ್ತರದ ತೊಗರಿ, ಕಾಯಿ ತುಂಬಿ ನಿಂತದ್ದು. ನಾಲ್ಕು ನೂರು ಮೀಟರು ನೇರ ಹೋಗಿರಿ ಎಂದು ಡಬ್ಬಿ ಸಮಾಧಾನದಿಂದ ಹೇಳುತ್ತಲೇ ಇತ್ತು. ಹಿಂದಿನ ದಿನ ನೀರು ಹಾಯಿಸಿದ್ದರೆಂದು ಕಾಣುತ್ತದೆ, ಎರೆಮಣ್ಣಿನಲ್ಲಿ ಚಕ್ರ ಅರ್ಧ ಹೂತು ಕಾರು ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಹಿಂದಕ್ಕೂ ಮುಂದಕ್ಕೂ ಒದ್ದಾಡಿ, ಚಕ್ರಕ್ಕೆ ಕೊಡಲು ಕಲ್ಲು ಹೊತ್ತು, ಧೋತರ ಕೆಸರಾಗಿ, ಎರಡು ತಾಸು ಹೋದವು. ಮುಹೂರ್ತಕ್ಕೆ ಒಂದು ತಾಸು ಉಳಿದಾಗ ನಾನು ಬದುವಿನ ಮೇಲೆ ಕೂತುಬಿಟ್ಟೆ. ಹೆಂಡತಿ ಬೈಯಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

೫. ಗೆರೆ ಎಳೆದವನು

ಅಷ್ಟರಲ್ಲಿ ತೊಗರಿಯ ಸಾಲು ಸರಿಸಿಕೊಂಡು ಹೊಲದ ಮಾಲೀಕ ಬಂದ. ನನ್ನ ವಯಸ್ಸಿನವನೇ. ಮುರಿದ ಗಿಡಗಳನ್ನು ನೋಡಿದ, ಕಾರು ನೋಡಿದ, ಗಾಜಿಗೆ ಅಂಟಿದ ಡಬ್ಬಿಯನ್ನು ಬಗ್ಗಿ ನೋಡಿದ. ಅದರಲ್ಲಿ ಅವನ ಹೊಲದ ನಟ್ಟನಡುವೆ ಒಂದು ಚೆಂದದ ಗೆರೆ ಹಾಯ್ದಿತ್ತು. ನೋಡುತ್ತ ನೋಡುತ್ತ ಅವನ ಮುಖ ಗಂಟಿಕ್ಕಿತು.

"ಇದು ಇಲ್ಲೂ ಬಂತೇನ್ರಿ?" ಅಂದ. "ಈ ದಾರಿ ನಕ್ಷಾದಾಗ ಅದ, ಹೊಲದಾಗ ಇಲ್ರಿ. ಹಿಂದಕ ಒಬ್ಬ ಸರ್ವೆ ಸಾಹೇಬ ಬಂದಿದ್ದ. ಬಿಸಲು ಭಾಳ ಅದ ಅಂತ ಹೊಲಕ್ಕ ಬರಲಿಲ್ಲ. ಗೌಡ್ರ ಪಡಸಾಲ್ಯಾಗ ಹೋಳಿಗಿ ಉಂಡು, ಅಲ್ಲೇ ಕುಂತು ಗೆರಿ ಎಳದು ಹೋದ. ಆ ಗೆರಿ ಸಲುವಾಗಿ ಬಾಜೂ ಹೊಲದವಗೂ ನನಗೂ ಹನ್ನೆರಡು ವರ್ಷ ಕೋರ್ಟು."

ನಾನು ಬದುವಿನಿಂದ ಎದ್ದು ನಿಂತೆ. ಊರು ನೆನಪಾಗಲಿಲ್ಲ, ಹೋಳಿಗೆ ನೆನಪಾಯಿತು. ಮಾವಿನ ಸೀಕರಣೆಯೂ ಇತ್ತು. ಹೊಲದಾಗ ಬಂಡಿದಾರಿ ಅದ ಅಂತಾರ್ರಿ ಎಂದು ವಾಲೀಕಾರ ಹೇಳಿದ್ದ, ನಾನು ಅಡ್ಡಾದವನು ಎದ್ದು ಸ್ಕೇಲಿಟ್ಟು ಎಳೆದಿದ್ದೆ. ಗೆರೆ ನೇರವಾಗಿ ಬಂದಿದೆ ಎಂದು ಮೇಲಧಿಕಾರಿ ಹೊಗಳಿದ್ದೂ ನೆನಪಾಯಿತು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವನು ಸಹಾಯ ಮಾಡುತ್ತಿದ್ದ, ಹೇಳಿದರೆ ಲಗ್ನ ತಪ್ಪುತ್ತಿತ್ತು. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿದುಹೋಗಿತ್ತು.

ಆ ಸರ್ವೆಯವನು ನಾನೇ ಎಂದು ಹೇಳಿಬಿಟ್ಟೆ. ತಂಗಿಯ ಮಗಳ ಲಗ್ನವನ್ನೂ, ಹಿಂದೊಮ್ಮೆ ತಪ್ಪಿದ್ದನ್ನೂ, ಮೂರು ವರ್ಷದ ಮೌನವನ್ನೂ ಕೂಡಿಸಿಯೇ ಹೇಳಿದೆ. ಅವನು ಮುರಿದ ಒಂದು ತೊಗರಿ ಗಿಡವನ್ನು ಎತ್ತಿ ನಿಲ್ಲಿಸಿ ನೋಡಿದ. ಆಮೇಲೆ, ಹೋಳಿಗೆ ಚೊಲೋ ಇದ್ದವೇನ್ರಿ ಎಂದು ಕೇಳಿದ. ಇದ್ದವು ಎಂದೆ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ನಿಮ್ಮ ಸಲುವಾಗಿ ಅಲ್ರಿ," ಅಂದ, "ಹೆಣ್ಣುಮಗಳ ಲಗ್ನ ಅಂತ ಹೇಳಿ ಬಿಡ್ತೀನಿ." ಹೋಗಿ ಟ್ರ್ಯಾಕ್ಟರು ತಂದ. ಕಾರು ತೊಗರಿಯಲ್ಲೇ ಉಳಿಯಿತು. ಟ್ರಾಲಿಯಲ್ಲಿ ಜೋಳದ ಕಣಿಕೆಯ ಮೇಲೆ ಹೆಂಡತಿ, ನಾನು, ಕೆಂಪು ಬಾಳೆಹಣ್ಣು. ಡಾಂಬರು ರಸ್ತೆ, ಕೆರೆ ದಾಟಿ ಎಡಕ್ಕೆ. ಕಾಲು ತಾಸೂ ಹಿಡಿಯಲಿಲ್ಲ.

ಕೆಸರು ಧೋತರದಲ್ಲೇ ಮದುಮಗಳ ಬೆನ್ನಿಗೆ ನಿಂತೆ. ಅಂತರಪಟ ಹಿಡಿದರು, ಮಂಗಲಾಷ್ಟಕ ಶುರುವಾಯಿತು. ನನ್ನನ್ನು ಕರೆತಂದವನು ಊಟ ಮಾಡಿಯೇ ಹೋಗಬೇಕೆಂದು ಭಾವ ಹಟ ಹಿಡಿದು ಅವನನ್ನು ಮುಂದಿನ ಸಾಲಿನಲ್ಲೇ ಕೂಡಿಸಿದ್ದರು. ತಡವೇಕಾಯಿತು ಎಂದು ಪಕ್ಕದವರು ಯಾರೋ ಅವನನ್ನು ಕೇಳಿರಬೇಕು. ಒಂದೊಂದು ಶ್ಲೋಕ ಮುಗಿದು ಅಕ್ಷತೆ ಬಿದ್ದ ಹಾಗೆಲ್ಲ ನಗೆ ಒಂದೊಂದು ಸಾಲು ಹಿಂದಕ್ಕೆ ಹೋಗುತ್ತಿತ್ತು. ಹೋಳಿಗೆ ಎಂಬ ಮಾತು ನನ್ನ ಕಿವಿಗೂ ಬಿತ್ತು. ಕೊನೆಗೆ ಹೆಂಗಸರ ಸಾಲಿಗೂ ಮುಟ್ಟಿತು. ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಳುತ್ತಿದ್ದಾಳೋ ಏನೋ ನನಗೆ ತಿಳಿಯಲಿಲ್ಲ. ಅಕ್ಕಿಕಾಳು ತಲೆಯ ಮೇಲೆ ಬೀಳುತ್ತಿದ್ದರೂ ನಾನು ತಲೆ ಎತ್ತಲಿಲ್ಲ.

ಎಲ್ಲ ಮುಗಿದು ಜನ ಚದುರಿದ ಮೇಲೆ ತಂಗಿ ನನ್ನೆದುರು ಬಂದು ನಿಂತಳು. ಹೆಗಲ ಮೇಲಿದ್ದ ತೊಗರಿ ಎಲೆ ತೆಗೆದಳು. ಮೂರು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತನ್ನು ಅಲ್ಲಿದ್ದವರೆಲ್ಲ ಕೇಳಿದರು.

"ಅಣ್ಣಾ, ಊಟದ ಪಂಕ್ತಿ ಆ ಪರದಾದ ಹಿಂದ ಅದ. ಒಬ್ಬನೇ ಹೋಗ್ತೀಯೋ, ವಾಲೀಕಾರನ್ನ ಕರೀಲ್ಯೋ?"