ಎಚ್ಚರಿಕೆಯೆಲ್ಲ ಅಕ್ಕನಿಗೇ

ಬೈಬಲ್ಲಿನಲ್ಲಿ ಆಶೀರ್ವಾದವೂ ಇದೆ, ಎಚ್ಚರಿಕೆಯೂ ಇದೆ. ಆಶೀರ್ವಾದ ಓದಿದಾಗ ಇದು ನನಗೇ ಬರೆದದ್ದು ಅನ್ಸುತ್ತೆ. ಎಚ್ಚರಿಕೆ ಓದಿದ ತಕ್ಷಣ ಪಕ್ಕದ ಬೆಂಚಿನಲ್ಲಿ ಕೂತೋರ ನೆನಪಾಗುತ್ತೆ. ಇದು ನಮ್ಮ ಕ್ರೈಸ್ತರ ಮನೆಗಳಲ್ಲಿ ದಿನಾ ನಡೆಯೋದೇ. ನಮ್ಮ ಮನೇಲಿ ಸ್ವಲ್ಪ ಅತಿಯಾಗೇ ನಡೀತು.

ನಮ್ಮ ಯಜಮಾನ್ರು ಅರಸೀಕೆರೆ ಸ್ಟೇಷನ್ನಿನಲ್ಲಿ ಸಿಗ್ನಲ್ ಕೆಲಸ ಮಾಡಿ ರಿಟೈರ್ ಆದೋರು. ಕೆಂಪು ದೀಪ ಕಂಡ್ರೆ ರೈಲು ನಿಲ್ಲಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ. ಬೈಬಲ್ಲನ್ನೂ ಅವರು ಹಾಗೇ ಓದ್ತಾರೆ. ಅವರ ಅಕ್ಕ, ನನಗೆ ಅತ್ತಿಗೆ, ಬೇಲೂರಿನಲ್ಲಿ ಟೀಚರ್ ಆಗಿದ್ದೋರು. ಹಟದಲ್ಲಿ ತಮ್ಮನಿಗಿಂತ ಒಂದು ಕೈ ಮೇಲೆ. ಈ ಅಕ್ಕ ತಮ್ಮ ವರ್ಷಗಟ್ಟಲೆ ಮಾತು ಬಿಟ್ಟಿದ್ರು. ಕೊನೆಗೆ ಅತ್ತಿಗೆ ಹಾಸಿಗೆ ಹಿಡಿದ್ರು. ಅವರು ಕಣ್ಣು ಮುಚ್ಚೋದ್ರೊಳಗೆ ಇವರಿಬ್ಬರೂ ಒಂದು ಮಾತಾದ್ರೂ ಆಡ್ತಾರೋ ಇಲ್ವೋ ಅನ್ನೋದೇ ನನಗಿದ್ದ ಸಂಕಟ. ಈಗ ನಗ್ತಾ ಹೇಳ್ತೀನಿ. ಆಗ ನಾನು ನಗ್ತಾ ಇರ್ಲಿಲ್ಲ.

ಸೂರ್ಯ ಮುಳುಗೋದ್ರೊಳಗೆ

ಕೋಪ ಬಂದ್ರೆ ಹೊತ್ತು ಮುಳುಗೋದ್ರೊಳಗೆ ಬಿಟ್ಟುಬಿಡಬೇಕು ಅಂತ ಬೈಬಲ್ಲಿನಲ್ಲಿ ಒಂದು ಎಚ್ಚರಿಕೆ ಇದೆ. ನಮ್ಮ ಯಜಮಾನ್ರಿಗೆ ಅದು ಬಾಯಿಪಾಠ. ಮದುವೆಯಾದ ಹೊಸದರಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿ ನಮ್ಮಿಬ್ಬರಿಗೂ ಜಗಳ ಆಯ್ತು. ಮಧ್ಯಾಹ್ನವೆಲ್ಲ ಮುಖ ಊದಿಸ್ಕೊಂಡಿದ್ರು. ಸಂಜೆಯಾಗ್ತಿದ್ದ ಹಾಗೇ ಹಿತ್ತಲಿಗೂ ಅಡುಗೆಮನೆಗೂ ಓಡಾಡೋಕೆ ಶುರು ಮಾಡಿದ್ರು.

"ಏನೇ, ಬೇಗ ಕ್ಷಮಿಸಿದೆ ಅನ್ನು. ನಾನೂ ಅಂತೀನಿ. ಹೊತ್ತು ಮುಳುಗ್ತಾ ಐತೆ."

"ನನಗಿನ್ನೂ ಕೋಪ ಇಳಿದಿಲ್ಲ."

"ಇಳಿಯೋದು ಆಮೇಲೆ ಇಳೀಲಿ. ಬಾಯಲ್ಲಿ ಅನ್ನು ಸಾಕು."

ಸ್ವಲ್ಪ ದಿನದಲ್ಲೇ ಅವರಿಗೆ ಇದರ ಒಳದಾರಿ ಗೊತ್ತಾಯ್ತು. ಏನೇ ತಕರಾರಿದ್ರೂ ಹಗಲೆಲ್ಲ ಬಾಯಿ ಬಿಡ್ತಿರ್ಲಿಲ್ಲ. ನಾನು ದೀಪ ಹಾಕಿದ ಮೇಲೆ ಶುರು ಹಚ್ಕೊಳ್ತಿದ್ರು. "ಇವತ್ತಿಂದು ಮುಳುಗೋಯ್ತು. ಇನ್ನು ನಾಳೆ ಸಂಜೆ ಗಂಟ ಟೈಮೈತೆ" ಅಂತ ಆರಾಮಾಗಿ ಗೋಡೆಗೆ ಒರಗಿಕೊಂಡು ಜಗಳ ಆಡ್ತಿದ್ರು.

ಒಂದು ಆಷಾಢದಲ್ಲಿ ದಿನಗಟ್ಟಲೆ ಮೋಡ ಮುಚ್ಚಿಕೊಂಡಿತ್ತು. ಇವರ ಮಾತೂ ನಿಂತಿತ್ತು. ತಡೆಯೋಕಾಗದೆ ನಾನೇ ಕೇಳಿದೆ, "ಎಷ್ಟು ಸಂಜೆ ಆಯ್ತು ರೀ, ಆ ವಚನ ಎಲ್ಲಿ ಹೋಯ್ತು?"

ಕಿಟಕಿಯಿಂದ ಆಚೆ ನೋಡಿ ಹೇಳಿದ್ರು, "ಹುಟ್ಟೇ ಇಲ್ಲ, ಇನ್ನು ಮುಳುಗೋದೆಲ್ಲಿ ಬಂತು?"

ಅವ್ವನ ಕಲ್ಲು

ನಮ್ಮತ್ತೆ ತೀರಿಕೊಂಡಾಗ ಅರಸೀಕೆರೆಯಲ್ಲೇ ಮಣ್ಣು ಮಾಡಿದ್ವಿ. ಸಮಾಧಿಗೆ ಕಲ್ಲು ನಿಲ್ಲಿಸಬೇಕು, ಅದರ ಮೇಲೆ ಬೈಬಲ್ಲಿನ ಒಂದು ವಚನ ಬರೆಸಬೇಕು. ದೇವರು ಕುರುಬನ ಹಾಗೆ ಕಾಯ್ತಾನೆ ಅನ್ನೋ ಕೀರ್ತನೆ ಹಾಕಿಸು ಅಂತ ಅತ್ತಿಗೆ ಫೋನಿನಲ್ಲಿ ಹೇಳಿದ್ರು. ಇವರು ಹೂಂ ಅಂದ್ರು.

ಫೋನ್ ಇಟ್ಟ ಮೇಲೆ ಇವರ ತಲೆ ಬೇರೆ ಕಡೆ ಓಡ್ತು. "ಕುರುಬ, ಕುರಿ, ಹುಲ್ಲು ಎಲ್ರೂ ಹಾಕ್ಸೋದೇ. ಸಮಾಧಿ ಹತ್ರ ಬರೋರು ಬದುಕಿರೋರು. ಅವ್ರಿಗೆ ಬೇಕಾಗಿರೋದು ಎಚ್ಚರಿಕೆ" ಅಂತ ಹೇಳಿ ಹಳೇಬೀಡಿಗೆ ಹೋದ್ರು. ಅಲ್ಲೊಬ್ಬ ಕಲ್ಲು ಕೆತ್ತೋನು, ದೇವಸ್ಥಾನ ನೋಡೋಕೆ ಬರೋರಿಗೆ ಸಣ್ಣ ಸಣ್ಣ ಆನೆ ಮಾಡಿ ಮಾರ್ತಿದ್ದ. ಸಾವು ಒಂದೇ ಸಲ, ಆಮೇಲೆ ನ್ಯಾಯತೀರ್ಪು ಅನ್ನೋ ಅರ್ಥದ ವಚನ ಬರೆದುಕೊಟ್ರು. ಅವನು ಚೀಟಿ ಓದಿ ತಲೆ ಕೆರೆದುಕೊಂಡ.

"ಸ್ವಾಮಿ, ಇದು ಒಳಗೆ ಮಲಗಿರೋರಿಗಾ, ಹೊರಗೆ ನಿಂತ್ಕೊಂಡು ಓದೋರಿಗಾ?"

"ಓದೋರಿಗೆ ಕಣಪ್ಪ."

"ಮತ್ತೆ ಹೆಸ್ರು ಮಲಗಿರೋರ್ದು ಹಾಕ್ಸಿದೀರಲ್ಲ?"

ಬೇರೆ ಯಾರಾದ್ರೂ ಆಗಿದ್ರೆ ಅಲ್ಲೇ ನಿಂತು ಯೋಚನೆ ಮಾಡ್ತಿದ್ರು. ಇವರು "ಕೆತ್ತು" ಅಂದು ಬಂದ್ರು.

ಈಸ್ಟರ್ ದಿನ ಬೆಳಗಿನ ಜಾವ ನಾವು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ತೀವಿ. ಅತ್ತಿಗೆ ಹಿಂದಿನ ದಿನವೇ ಬೇಲೂರಿಂದ ಬಂದಿದ್ರು. ಕೈತುಂಬ ಸೇವಂತಿಗೆ ಹಿಡ್ಕೊಂಡು ಹೋಗಿ ಮೇಣದಬತ್ತಿ ಬೆಳಕಲ್ಲಿ ಆ ಕಲ್ಲು ಓದಿದ್ರು. ಮೇಲೆ ಅವ್ವನ ಹೆಸರು, ಕೆಳಗೆ ನ್ಯಾಯತೀರ್ಪು.

"ಏನೋ ಇದು! ಅವ್ವನ ಮೇಲೆ ಕೇಸ್ ನಡೀತಾ ಇದೆ ಅನ್ನೋ ಹಾಗೆ ಬರೆಸಿದ್ದೀಯಲ್ಲೋ!"

"ಬೈಬಲ್ ಮಾತು. ನನ್ ಮಾತಲ್ಲ."

"ನನ್ನ ಒಂದು ಮಾತು ಕೇಳಿದ್ಯಾ?"

"ಬೈಬಲ್ಲಲ್ಲಿ ಇರೋದಕ್ಕೂ ನಿನ್ ಪರ್ಮಿಷನ್ ಬೇಕಾ?"

ಅತ್ತಿಗೆ ಹೂವನ್ನ ಕಲ್ಲಿನ ಬುಡದಲ್ಲಿಟ್ಟು, ತಿಂಡಿಗೂ ಮನೆಗೆ ಬರದೆ ಸೀದಾ ಬಸ್‌ಸ್ಟ್ಯಾಂಡಿಗೆ ಹೋದ್ರು. ಅವತ್ತು ಬಿಟ್ಟ ಮಾತು. ನಾನು ಮಾಡಿಟ್ಟ ಇಡ್ಲಿ ಹಾಗೇ ಉಳೀತು. ಇವರಿಗೂ ಇಳೀಲಿಲ್ಲ, ನನಗೂ ಇಳೀಲಿಲ್ಲ.

ಆ ಕಲ್ಲಿನಿಂದ ಖುಷಿಪಟ್ಟೋನು ಒಬ್ಬನೇ. ನಮ್ಮ ಚರ್ಚಿನ ಸಭೆಯವನೇ. ಮುಂದಿನ ಭಾನುವಾರ ಬಂದು ಇವರ ಕೈ ಹಿಡ್ಕೊಂಡು ಮೆತ್ತಗೆ ಕೇಳಿದ, "ಅಣ್ಣ, ಆ ವಚನ ಬೈಬಲ್ಲಲ್ಲಿ ಎಲ್ಲಿ ಬರುತ್ತೆ? ನಮ್ಮತ್ತೆಗೂ ಅದೇ ಸರಿಹೋಗುತ್ತೆ."

ಕಾಣಿಕೆ ಅಲ್ಲೇ ಬಿಟ್ಟು

ನಮ್ಮ ಪಾಸ್ಟರನ್ನ ನಾವು ಅಯ್ಯನೋರು ಅಂತೀವಿ. ಅರಸೀಕೆರೆ, ಬೇಲೂರು ಎರಡು ಕಡೆಯ ಸಭೆಗೂ ಅವರೊಬ್ಬರೇ. ಬೆಳಿಗ್ಗೆ ಇಲ್ಲಿ ಆರಾಧನೆ ಮುಗಿಸಿ, ಬಸ್ಸು ಹತ್ತಿ ಮಧ್ಯಾಹ್ನ ಅಲ್ಲಿ ಮಾಡ್ತಾರೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಅಂದ್ರೆ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ. ಮನಸ್ಸಿನಲ್ಲಿ ದ್ವೇಷ ಇಟ್ಕೊಂಡು ಅದನ್ನ ತಗೊಂಡ್ರೆ ಶಿಕ್ಷೆ ಅಂತ ಎಚ್ಚರಿಕೆ ಇದೆ. ಕಾಣಿಕೆ ಕೊಡೋಕೆ ಬಂದಾಗ ನಿನ್ನ ಮೇಲೆ ಯಾರಿಗೋ ಬೇಜಾರಿದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅಂತಲೂ ಇದೆ.

ನಮ್ಮ ಯಜಮಾನ್ರು ಎಚ್ಚರಿಕೆ ಮೀರೋರಲ್ಲವಲ್ಲ. ಕರ್ತನ ಭೋಜನದ ಹೊತ್ತಿಗೆ ಎದ್ದು ಹೋಗಿ ಹೊರಗೆ ಚಪ್ಪಲಿ ಬಿಟ್ಟಿರೋ ಕಡೆ ನಿಂತ್ಕೊಳ್ತಿದ್ರು. ಆಚೆ ಬೇಲೂರಿನಲ್ಲಿ ಅತ್ತಿಗೆಯೂ ಎದ್ದು ಹೋಗ್ತಾರೆ ಅಂತ ಅಯ್ಯನೋರೇ ಹೇಳಿದ್ರು. ಕಾಣಿಕೆ ಬಿಟ್ಟು ಏಳೋವರೆಗೂ ಇಬ್ಬರೂ ಕರಾರುವಾಕ್ಕು. ಹೋಗಿ ರಾಜಿಯಾಗು ಅನ್ನೋ ಜಾಗದಲ್ಲಿ ಇಬ್ಬರ ಗಾಡಿಯೂ ನಿಂತುಬಿಟ್ಟಿತ್ತು.

ಅಯ್ಯನೋರು ಒಂದಿನ ಮನೆಗೇ ಬಂದ್ರು. ಕಾಫಿ ಕುಡೀತಾ ಕೇಳಿದ್ರು, "ಹೊರಗೆ ನಿಂತ್ಕೋ ಅಂತ ಅಲ್ಲ, ಹೋಗಿ ರಾಜಿಯಾಗು ಅಂತಲ್ವಾ ಇರೋದು?"

"ಯಾರು ಹೋಗ್ಬೇಕು ಅಂತ ಐತೆ ಅಯ್ಯನೋರೆ? ಯಾರ ಮೇಲೆ ಬೇಜಾರೈತೋ ಅವ್ರು ಹೋಗ್ಬೇಕು. ನಂಗೆ ಅವಳ ಮೇಲೆ ಬೇಜಾರೈತೆ. ಅವಳು ಬರ್ಬೇಕು."

ಅಯ್ಯನೋರು ಲೋಟ ಕೆಳಗಿಟ್ರು. "ಹೋದ ವಾರ ನಿಮ್ಮಕ್ಕನೂ ಇದನ್ನೇ ಹೇಳಿದ್ರು. ಅವನ ಮೇಲೆ ನನಗೆ ಬೇಜಾರಿದೆ, ಅವನೇ ಬರಬೇಕು ಅಂತ."

ಇವರ ಮುಖ ಅರಳಿಬಿಡ್ತು. "ನೋಡಿದ್ರಾ! ದೇವರ ವಾಕ್ಯದ ವಿಷಯದಲ್ಲಿ ನಮ್ಮಿಬ್ರಿಗೂ ಜಗಳವೇ ಇಲ್ಲ!"

ಪ್ರಸಂಗದ ರೆಕಾರ್ಡಿಂಗ್

ಬೇರೆಯವರ ಕಣ್ಣಿನ ಕಸ ನೋಡೋ ಮೊದಲು ನಿನ್ನ ಕಣ್ಣಿನ ತೊಲೆ ತೆಗಿ ಅಂತ ಅಯ್ಯನೋರು ಒಂದು ಭಾನುವಾರ ಜೋರಾಗಿ ಪ್ರಸಂಗ, ಅಂದ್ರೆ ಉಪದೇಶ, ಮಾಡಿದ್ರು. ಯಜಮಾನ್ರು ಮೊದಲ ಸಾಲಿಗೆ ಹೋಗಿ ಕೂತು, ಮೊಬೈಲ್ ಎತ್ತಿ ಹಿಡಿದು ಪೂರ್ತಿ ರೆಕಾರ್ಡ್ ಮಾಡ್ಕೊಂಡ್ರು. ಪರವಾಗಿಲ್ಲ, ಕೊನೆಗೂ ಮನಸ್ಸಿಗೆ ತಟ್ಟಿತು ಅಂತ ನಾನು ಕಣ್ಣಲ್ಲಿ ನೀರು ತಂದ್ಕೊಂಡೆ.

ಹೊರಗೆ ಬಂದ ತಕ್ಷಣ ಮೊಬೈಲ್ ನನ್ನ ಕೈಗಿಟ್ರು. "ತಗೋ, ವಾಟ್ಸಾಪಲ್ಲಿ ಬೇಲೂರಿಗೆ ಕಳ್ಸು. ಅವಳಿಗೇ ಅಂತ ಮಾಡ್ದಂಗಿತ್ತು."

ಕಳಿಸಿದೆ. ಸಂಜೆ ಬೇಲೂರಿಂದಲೂ ಒಂದು ಆಡಿಯೋ ಬಂತು. ಅತ್ತಿಗೆ ಮಗಳು ಕಳಿಸಿದ್ಲು. "ಮಾವನಿಗೆ ತಪ್ಪದೆ ಕೇಳಿಸಬೇಕಂತೆ, ಅಮ್ಮ ಹೇಳಿದ್ರು" ಅಂತ ಕೆಳಗೆ ಬರೆದಿದ್ಲು. ಹಾಕಿದೆ. ಅದೇ ಅಯ್ಯನೋರು, ಅದೇ ಕಸ, ಅದೇ ತೊಲೆ. ಹಿಂದುಗಡೆ ಬೇಲೂರಿನ ಆಟೋ ಹಾರ್ನ್ ಮಾತ್ರ ಹೊಸದು.

ಯಜಮಾನ್ರು ಪೂರ್ತಿ ಕೇಳಿ ತಲೆ ಆಡಿಸಿದ್ರು. "ಅವಳಿಗೆ ಹೇಳಿದ್ದನ್ನ ನಂಗೆ ಕಳಿಸ್ತಾಳಲ್ಲ, ಎಷ್ಟು ಸೊಕ್ಕಿರ್ಬೇಕು ನೋಡು!"

ನಾನು ಇದನ್ನ ಅಯ್ಯನೋರಿಗೆ ಹೇಳಿದೆ. ಪಾಪ, ಅವರು ಹೇಳಿದ್ರು, "ನನ್ನ ಪ್ರಸಂಗ ಅರಸೀಕೆರೆಗೂ ಬೇಲೂರಿಗೂ ಬರೀ ಓಡಾಡ್ತಾ ಇದೆ ಕಣಮ್ಮ, ಯಾವ ಸ್ಟಾಪಲ್ಲೂ ಇಳೀತಿಲ್ಲ."

ಬೇಲೂರಿನ ಮಂಚ

ಅತ್ತಿಗೆಗೆ ಹೊಟ್ಟೇಲಿ ಕ್ಯಾನ್ಸರ್ ಅಂತ ಗೊತ್ತಾಗೋ ಹೊತ್ತಿಗೆ ಕಾಲ ಮೀರಿತ್ತು. ಹಾಸನದಲ್ಲಿ ನೋಡಿ, ಮನೆಗೆ ಕರ್ಕೊಂಡು ಹೋಗಿ ಅಂದ್ರು. ನಾನು ಈಗ ಹೇಳೋದು ನಡೆದು ಭಾನುವಾರ ಬರೋದ್ರೊಳಗೆ ಅವರು ಹೋದ್ರು. ಅದನ್ನ ಮೊದಲೇ ಹೇಳಿಬಿಡ್ತೀನಿ, ನಗೋರು ತಿಳ್ಕೊಂಡು ನಗಲಿ.

ಅವರ ಮಗಳು ಫೋನ್ ಮಾಡಿ ಅಳ್ತಿದ್ಲು. "ಅತ್ತೆ, ಅಯ್ಯನೋರು ಕರ್ತನ ಭೋಜನ ಕೊಡೋಕೆ ಬಂದ್ರೆ ಅಮ್ಮ ಬಾಯಿ ಬಿಗಿ ಹಿಡ್ಕೊಂಡು ಗೋಡೆ ಕಡೆ ತಿರುಗ್ತಾರೆ. ತಮ್ಮನ ಹತ್ರ ರಾಜಿಯಾಗದೆ ತಗೊಳ್ಳೋ ಹಾಗಿಲ್ಲ ಅಂತಾರೆ. ಮಾವನ್ನ ಕರೀಲಾ ಅಂದ್ರೆ, ಬೇಡ, ಅವನಾಗೇ ಬರಲಿ ಅಂತಾರೆ. ಸಾಯೋ ಹೊತ್ತಲ್ಲಿ ಅದೊಂದಕ್ಕೇ ಹಂಬಲಿಸ್ತಾ ಇದ್ದಾರೆ ಅತ್ತೆ."

ನಾನು ಬಂದು ಇವರಿಗೆ ಹೇಳಿದೆ. ಜಗಲಿ ಮೇಲೆ ಕೂತು ಉಗುರು ಕತ್ತರಿಸ್ತಾ ಇದ್ರು. "ಅವಳು ಕರೆಯೋಗಂಟ ನಾನು ಹೆಂಗೋಗ್ಲಿ?" ಅಂದ್ರು.

ನನಗೆ ಎಲ್ಲಿತ್ತೋ ಸಿಟ್ಟು. "ರೀ, ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕಿ ಬೆಳೆಸಿದ ಅಕ್ಕ ಕಣ್ರೀ ಅವರು! ಅವ್ವನ ಕಲ್ಲಿನ ಮೇಲೆ ತೀರ್ಪು ಅಂತ ಬರೆಸಿದ್ರಲ್ಲ, ಅದು ನಿಮಗಿಲ್ವಾ? ಅದೂ ಅವರಿಗೇನಾ?"

ಅವರು ಎದ್ರು. ಒಳಗೆ ಹೋಗಿ ಅಂಗಿ ಹಾಕ್ಕೊಂಡು ಬಂದ್ರು.

ಬಸ್ಸು ಹಾರನಹಳ್ಳಿ ದಾಟಿದ ಮೇಲೆ ಹೇಳಿದ್ರು, "ಹೋಗಿ ನಿಂತ್ಕೋತೀನಿ, ಅಷ್ಟೇಯ. ಹೋಗು ಅಂತ ಐತೆ. ಮೊದ್ಲು ನೀನೇ ಮಾತಾಡ್ಸು ಅಂತ ಎಲ್ಲೂ ಇಲ್ಲ." ಜಾವಗಲ್ಲಿನಲ್ಲಿ ಟೀ ಬೇಡ ಅಂದ್ರು. ಹಳೇಬೀಡು ಬರೋ ಹೊತ್ತಿಗೆ ಕರ್ಚೀಫಿನಲ್ಲಿ ಮುಖ ಮುಚ್ಕೊಂಡಿದ್ರು. ಕೇಳಿದ್ದಕ್ಕೆ ಧೂಳು ಅಂದ್ರು. ಕಿಟಕಿ ಹಾಕಿತ್ತು.

ಅತ್ತಿಗೆ ಮಂಚದ ಮೇಲೆ ಮಗುವಿನಷ್ಟೇ ಆಗಿದ್ರು. ಇವರು ಕಾಲ ಕಡೆ ಕಂಬದ ಹಾಗೆ ನಿಂತ್ರು. ಅವರು ಇವರನ್ನ ನೋಡಿ ಸೂರು ನೋಡಿದ್ರು. ಇವರೂ ಸೂರು ನೋಡಿದ್ರು. ಅಯ್ಯನೋರು ಮೊದಲೇ ಬಂದು ತಟ್ಟೆಯಲ್ಲಿ ರೊಟ್ಟಿ ಇಟ್ಕೊಂಡು ಕಾಯ್ತಿದ್ರು. ಯಾರೂ ಬಾಯಿ ಬಿಡದೇ ಇದ್ದಾಗ, "ಪ್ರಾರ್ಥನೆ ಮಾಡೋಣ" ಅಂದ್ರು. ಎಲ್ಲರೂ ಕಣ್ಣು ಮುಚ್ಚಿದ್ವಿ.

ನಮ್ಮಲ್ಲಿ ಒಂದು ರೂಢಿ ಇದೆ. ಎದುರಿಗೆ ಹೇಳೋಕಾಗದ್ದನ್ನ ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿ, ಅವರ ಕಿವಿಗೆ ಬೀಳಿಸೋದು. ಆಮೆನ್ ಅನ್ನೋವರೆಗೂ ಯಾರೂ ಕಣ್ಣು ಬಿಡೋ ಹಾಗಿಲ್ಲ. ಇವರು ಅದನ್ನ ಹಿಡ್ಕೊಂಡ್ರು.

"ಕರ್ತನೇ, ನಾನು ಆ ಕಲ್ಲು ಒಳ್ಳೇ ಮನಸ್ಸಿಂದ್ಲೇ ಬರ್ಸಿದ್ದು. ನಿಂಗೆ ಗೊತ್ತೈತೆ."

ಮಂಚದ ಮೇಲಿಂದ ಸಣ್ಣ ದನಿ ಬಂತು. "ಕರ್ತನೇ, ನನ್ನ ಕೇಳದೆ ಬರೆಸಿದ. ಅದೂ ನಿನಗೆ ಗೊತ್ತಿದೆ."

"ಕೇಳಿದ್ರೆ ಬ್ಯಾಡ ಅಂತಿದ್ಲು ಕರ್ತನೇ."

"ಬೇಡ ಅನ್ನೋಕಾದ್ರೂ ಅವನು ಕೇಳಬೇಕಿತ್ತು ಕರ್ತನೇ. ಅವಳು ನನಗೂ ಅವ್ವ."

"ಕೇಳ್ಬೇಕಿತ್ತು ಕರ್ತನೇ" ಅಂದ್ರು ಇವರು. "ತಪ್ಪಾಯ್ತು."

ಅತ್ತಿಗೆಯಿಂದ ಉತ್ತರ ಇಲ್ಲ. ಕಾದ್ವಿ. ಆಮೆನ್ ಬರ್ಲಿಲ್ಲ. ಉಸಿರಿನ ಸದ್ದೂ ಇಲ್ಲ. ಅಯ್ಯೋ ದೇವರೇ, ಹೋಗಿಬಿಟ್ರಾ ಅಂದ್ಕೊಂಡೆ. ಇವರಿಗೂ ಹಾಗೇ ಅನ್ನಿಸಿರಬೇಕು. ಕಣ್ಣು ಮುಚ್ಕೊಂಡೇ ಮಂಚದ ಪಕ್ಕ ಕುಸಿದು ಕೂತು, ತಡಕಾಡಿ ಅವರ ಕೈ ಹಿಡ್ಕೊಂಡು, ಕರ್ತನ್ನೂ ಬಿಟ್ಟು ಅಕ್ಕನ್ನೇ ಕೂಗಿ ಅಳೋಕೆ ಶುರು ಮಾಡಿದ್ರು. "ಅಕ್ಕಾ, ತಪ್ಪಾಯ್ತು ಕಣಕ್ಕಾ! ನಾನು ಮೊದ್ಲೇ ಬರ್ಬೇಕಿತ್ತು ಕಣಕ್ಕಾ! ಒಂದ್ ಮಾತಾಡ್ದೆ ಹೋಗ್ಬಿಟ್ಯಲ್ಲೇ!"

ನನಗೆ ತಡೆಯೋಕಾಗದೆ ಒಂದು ಕಣ್ಣು ತೆಗೆದೆ. ಅತ್ತಿಗೆ ಎರಡೂ ಕಣ್ಣು ಪೂರ್ತಿ ಬಿಟ್ಕೊಂಡು, ತಮ್ಮನ ಅಳು ನೋಡ್ತಾ ಮಲಗಿದ್ದಾರೆ. ಕೆನ್ನೆ ಮೇಲೆ ನೀರು ಹರೀತಾ ಇದೆ. ನಾನು ಬಾಯಿ ತೆರೆಯೋಕೆ ಹೋದ್ರೆ, ತುಟಿ ಮೇಲೆ ಬೆರಳಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿದ್ರು. ಇನ್ನೂ ಒಂದು ಸಲ ಅಂದುಬಿಡ್ಲಿ ಅಂತ.

ಇವರು ಇನ್ನೂ ಒಂದು ಸಲ ಅಂದ್ರು.

"ಆಮೆನ್" ಅಂದ್ರು ಅತ್ತಿಗೆ.

ಇವರು ಬೆಚ್ಚಿಬಿದ್ದು ಕಣ್ಣು ಬಿಟ್ರು. "ಇದ್ದೀಯೇನೇ?"

"ಇದನ್ನ ಕೇಳದೆ ಎಲ್ಲಿಗೋ ಹೋಗಲಿ? ನಾನೂ ಹಟ ಮಾಡಿದೆ, ನಂದೂ ತಪ್ಪು" ಅಂದು ಅತ್ತಿಗೆ ಅವರ ತಲೆ ಸವರಿದ್ರು. "ಈಗ ಮೂಗೊರೆಸ್ಕೊಂಡು ಆ ಕಡೆ ಸರಿ. ಅಯ್ಯನೋರ ಕೈಲಿ ರೊಟ್ಟಿ ಒಣಗಿಹೋಯ್ತು."