ಸದ್ಭಾವನಾ ಸೊಸೈಟಿಯ ತಳ್ಳುವ ಕಾರು

ಮುಂಬಯಿಯ ಭಾಂಡುಪ್ ಪಶ್ಚಿಮದ ಸದ್ಭಾವನಾ ಹೌಸಿಂಗ್ ಸೊಸೈಟಿಯ ಆವರಣದಲ್ಲಿ ಕೀಲಿ ತಿರುಗಿಸಿದರೆ ಚಾಲೂ ಆಗುವ ಕಾರುಗಳು ಬೇಕಾದಷ್ಟಿವೆ. ಆಗದಿರುವುದು ಒಂದೇ. ಅದು ಬಿ ವಿಂಗಿನ ನೀಲಕಂಠಪ್ಪನವರದು. ಆ ಕಾರನ್ನು ಈಗಿರುವ ಸ್ಥಿತಿಯಲ್ಲೇ ಕಾಪಾಡಿಕೊಂಡು ಬರುವುದು ಸಮಸ್ತ ಸದಸ್ಯರ ಕರ್ತವ್ಯವೆಂದು ಸೊಸೈಟಿಯ ಸಭೆ ಒಮ್ಮತದಿಂದ ನಿರ್ಣಯಿಸಿದೆ.

ನೀಲಕಂಠಪ್ಪ ವಿಜಯಪುರದ ಕಡೆಯವರು, ಟೈಲ್ಸ್ ಕೂಡಿಸುವ ಗುತ್ತಿಗೆದಾರರು. ಕಾರಿನ ಶೋಕಿ ಅವರಿಗೆ ಇರಲಿಲ್ಲ. ಆದರೆ ಹೆಂಡತಿ ಶರಣವ್ವನಿಗೆ ಮೊಣಕಾಲು ನೋವು. ಆಕೆಯ ಅಕ್ಕ ದೇವಕ್ಕ ಇರುವುದು ಮಲಾಡಿನಲ್ಲಿ. ಲೋಕಲ್ ರೈಲಿನಲ್ಲಿ ಹೋಗೋಣವೆಂದರೆ ದಾದರಿನಲ್ಲಿ ಬ್ರಿಜ್ ಹತ್ತಿ ಇಳಿದು ಗಾಡಿ ಬದಲಿಸಬೇಕು. ರಿಕ್ಷಾದವರು ಮಲಾಡ್ ಎಂದ ಕೂಡಲೇ ಮುಖ ತಿರುಗಿಸುತ್ತಿದ್ದರು. ಅಕ್ಕ ತಂಗಿ ದಿನಾ ಫೋನಿನಲ್ಲಿ ನಗುತ್ತ ಶುರು ಮಾಡಿ ಅಳುತ್ತ ಮುಗಿಸುತ್ತಿದ್ದರು. ಅಷ್ಟರಲ್ಲಿ ದೇವಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯ ಗೊತ್ತಾಯಿತು. ಶರಣವ್ವ ಗಂಡನಿಗೆ, "ಈ ಸಲ ನಾ ಹೋಗಲಿಲ್ಲಂದ್ರ ನನಗ ಅಕ್ಕ ಅದಾಳ ಅಂತ ಹೇಳೂದ ಬಿಡ್ತೀನಿ ನೋಡ್ರಿ" ಎಂದಳು. ನೀಲಕಂಠಪ್ಪ ಮರುದಿನವೇ ಹೋಗಿ ಹಳೆಯ ಕಾರೊಂದನ್ನು ಖರೀದಿಸಿದರು.

ಮಾರಿದ್ದು ಪುನರ್ಜನ್ಮ ಕಾರ್ ಬಜಾರ್ ಎಂಬ ಸಂಸ್ಥೆ. ಅಲ್ಲಿನ ಮ್ಯಾನೇಜರ್ ರೋಶನ್ ಮಂಗಳೂರಿನ ಹುಡುಗ, ಬಹಳ ವಿನಯವಂತ. ಕಾರನ್ನು ತನ್ನ ಕೈಯಾರೆ ಚಾಲೂ ಮಾಡಿಕೊಟ್ಟು, "ಅಂಕಲ್, ಮನೆ ಮುಟ್ಟುವವರೆಗೆ ಇಂಜಿನ್ ಬಂದ್ ಮಾಡಬೇಡಿ. ಅದಕ್ಕೆ ಬೇಜಾರಾಗ್ತದೆ" ಎಂದು ಬೀಳ್ಕೊಟ್ಟ. ನೀಲಕಂಠಪ್ಪ ಮಾತು ಉಳಿಸಿಕೊಂಡರು. ಮನೆ ಮುಟ್ಟಿದ ಮೇಲೆ ಬಂದ್ ಮಾಡಿದರು. ಕಾರು ಮತ್ತೆ ಚಾಲೂ ಆಗಲಿಲ್ಲ.

ಫೋನ್ ಮಾಡಿದಾಗ ರೋಶನ್ ಸಂಸ್ಥೆಯ ನಿಯಮವನ್ನು ತಾಳ್ಮೆಯಿಂದ ವಿವರಿಸಿದ. ಬಜಾರಿನ ಗೇಟಿನೊಳಗೆ ಕಂಡ ದೋಷಕ್ಕೆ ಮಾತ್ರ ಗ್ಯಾರಂಟಿ ಇದೆ. ಗೇಟಿನೊಳಗೆ ದೋಷ ಕಾಣುವಷ್ಟು ಹೊತ್ತು ಕಾರನ್ನು ಇಡುವ ಪದ್ಧತಿ ಇಲ್ಲ.

"ಅಲ್ಲಪ್ಪ, ಸ್ಟಾರ್ಟ ಆಗವಲ್ದು!"

"ಅದು ಪ್ರಾಬ್ಲಮ್ ಅಲ್ಲ ಅಂಕಲ್, ಗಾಡಿಯ ನೇಚರ್. ಸ್ವಲ್ಪ ತಳ್ಳಿ."

"ಮುಂದ ಒಂದು ಕೆಂಪ ದೀಪ ಹತ್ತೇತಿ."

"ಅದರ ಮೇಲೆ ಒಂದು ಕಪ್ಪು ಟೇಪ್ ಹಚ್ಚಿ ಅಂಕಲ್. ಎಷ್ಟೋ ಜನರ ಕಂಪ್ಲೇಂಟ್ ಹಾಗೇ ಹೋಗಿದೆ."

"ಮನಿಗಿ ಬರೂಮುಂದ ಇಂಜಿನ್ ಭಾಳ ಕಾದಿತ್ತು!"

"ಹೀಟರ್ ಹಾಕಿ. ಇಂಜಿನ್‌ನ ಬಿಸಿ ಎಲ್ಲ ನಿಮ್ಮ ಕಡೆಗೆ ಬರ್ತದೆ, ಇಂಜಿನ್ ತಣ್ಣಗಿರ್ತದೆ."

ನೀಲಕಂಠಪ್ಪ ಟೇಪು ಹಚ್ಚಿದರು. ವಾಚ್‌ಮನ್‌ನನ್ನು ಕರೆದು ತಳ್ಳಿಸಿದರು. ಕಾರು ಚಾಲೂ ಆಯಿತು. ಮೇ ತಿಂಗಳ ಮಧ್ಯಾಹ್ನ ಹೀಟರ್ ಹಾಕಿಕೊಂಡು ಹೆಂಡತಿಯನ್ನು ಸ್ಟೇಷನ್ ರಸ್ತೆಯವರೆಗೆ ಕರೆದೊಯ್ದು ವಾಪಸು ತಂದರು. ಶರಣವ್ವ ಇಳಿದವಳೇ ಸೆರಗಿನಿಂದ ಮುಖ ಒರೆಸಿಕೊಂಡು, "ಇದರೊಳಗ ಮಲಾಡಕ್ಕ ಹೋದ್ರ ನಾ ಬೆಂದು ಇಳೀತೀನ್ರಿ" ಎಂದಳು.

ಈ ದೃಶ್ಯವನ್ನು ಗೇಟಿನ ಬಳಿ ನಿಂತು ನೋಡುತ್ತಿದ್ದವರು ಸೊಸೈಟಿಯ ಸೆಕ್ರೆಟರಿ ಸದಾನಂದರು. ಕಾರ್ಕಳದ ಕಡೆಯವರು, ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಇಡ್ಲಿ ವಡೆಯ ಹೋಟೆಲು. ಕಾರು ತಳ್ಳಿದ ವಾಚ್‌ಮನ್‌ಗೆ ಬಹಳ ಹಸಿವಾದದ್ದನ್ನು ಅವರು ವಿಶೇಷವಾಗಿ ಗಮನಿಸಿದರು. ಸಂಜೆಯೊಳಗೆ ಲಿಫ್ಟಿನ ಪಕ್ಕ ಪ್ರಕಟಣೆ ಬಿತ್ತು:

"ಸದಸ್ಯರ ಆರೋಗ್ಯವೇ ಸೊಸೈಟಿಯ ಆರೋಗ್ಯ. ನಾಳೆಯಿಂದ ಬೆಳಗ್ಗೆ ಶ್ರೀ ನೀಲಕಂಠಪ್ಪನವರ ಕಾರನ್ನು ಸಾಮೂಹಿಕವಾಗಿ ತಳ್ಳಲಾಗುವುದು. ಮಾರ್ಗ: ಸೊಸೈಟಿ ಗೇಟಿನಿಂದ ಸೆಕ್ರೆಟರಿಯವರ ಹೋಟೆಲಿನವರೆಗೆ. ಸದಸ್ಯರು ಬೂಟು ಧರಿಸಿ ಬರತಕ್ಕದ್ದು. ಹಾರ್ನ್ ಒತ್ತಿ ತಳ್ಳುವವರ ಏಕಾಗ್ರತೆಗೆ ಭಂಗ ತರಕೂಡದು."

ಮೊದಲ ದಿನ ಕುತೂಹಲಕ್ಕೆ ಬಂದವರು ಮರುದಿನ ಹೆಂಡತಿಯರನ್ನೂ ಕರೆತಂದರು. ಗ್ರೌಂಡ್ ಫ್ಲೋರಿನ ಡಾಕ್ಟರರು ತಮ್ಮ ರೋಗಿಗಳ ಸಕ್ಕರೆ ಇಳಿದಿದೆ ಎಂದು ಸಾರ್ವಜನಿಕವಾಗಿ ಒಪ್ಪಿಕೊಂಡರು. ಹೋಟೆಲಿನಲ್ಲಿ ಎರಡೆರಡು ಮಸಾಲೆ ದೋಸೆ ತಿಂದ ಮೇಲೆ ಅದು ಮತ್ತೆ ಏರುತ್ತಿದ್ದುದರಿಂದ ವೈದ್ಯಕೀಯ ದೃಷ್ಟಿಯಿಂದ ಮರುದಿನದ ತಳ್ಳುವಿಕೆ ಅನಿವಾರ್ಯವಾಯಿತು.

ಒಂದು ತೊಡಕು ಮಾತ್ರ ಇತ್ತು. ನಾಲ್ಕು ಹೆಜ್ಜೆ ತಳ್ಳುವಷ್ಟರಲ್ಲಿ ಇಂಜಿನ್ ಹಿಡಿದುಬಿಡುತ್ತಿತ್ತು. ಬೆವರು ಬರುವ ಮೊದಲೇ ವ್ಯಾಯಾಮ ಮುಗಿಯುತ್ತದೆಂದು ಸದಸ್ಯರು ದೂರಿದರು. ಸೊಸೈಟಿ ತಕ್ಷಣ ಹೊಸ ನಿಯಮ ತಂದಿತು: ಮಾಲೀಕರು ಸ್ಟೀರಿಂಗ್ ಹಿಡಿಯಬಹುದು, ಗೇರ್ ಹಾಕಕೂಡದು. ವ್ಯಾಯಾಮದ ಸಾಧನವೊಂದು ಪಾರ್ಕಿಂಗ್ ಜಾಗದಲ್ಲಿ ನಿಲ್ಲುವುದರಿಂದ ಅದಕ್ಕೆ ಪ್ರತ್ಯೇಕ ಶುಲ್ಕವನ್ನೂ ನೀಲಕಂಠಪ್ಪನವರೇ ಕೊಡತಕ್ಕದ್ದೆಂದು ಅದೇ ಉಸಿರಿನಲ್ಲಿ ಸೇರಿಸಿತು.

ದಿನಾ ಬೆಳಗ್ಗೆ ಸ್ಟೀರಿಂಗ್ ಹಿಡಿದು ಕೂತ ನೀಲಕಂಠಪ್ಪನವರಿಗೆ ಹಿಂದಿನಿಂದ ಜನರ ಏದುಸಿರು ಕೇಳಿಸುತ್ತಿತ್ತು. ಮೊದಮೊದಲು ಅವರಿಗೆ ನಾಚಿಕೆಯಾಯಿತು. ಕನ್ನಡಿಯಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮನೆಗೆ ಬಂದರೆ ಶರಣವ್ವ ತೊಟ್ಟಿಲ ಕಾರ್ಯಕ್ಕೆಂದು ತಂದ, ಕೂಸಿನ ತಲೆಗೆ ಕಟ್ಟುವ ಕುಂಚಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅವರಿಗೆ ಹಗುರಾಗುತ್ತಿತ್ತು.

ಕೊನೆಗೆ ನೀಲಕಂಠಪ್ಪ ಒಂದು ಅಪರಾಧ ಎಸಗಿದರು. ಯಾರಿಗೂ ಹೇಳದೆ ಹೊಸ ಬ್ಯಾಟರಿ ಹಾಕಿಸಿದರು. ಮರುದಿನ ಬೆಳಗ್ಗೆ ಸದಸ್ಯರು ಬೂಟಿನ ಲೇಸು ಬಿಗಿದುಕೊಂಡು, ಡಿಕ್ಕಿಗೆ ಕೈಯೂರಿ, ಮೈಭಾರ ಬಿಟ್ಟು ನಿಂತಾಗ ಅವರು ಕೀಲಿ ತಿರುಗಿಸಿದರು. ಕಾರು ಹೊರಟುಹೋಯಿತು. ಸದಸ್ಯರು ಇದ್ದಲ್ಲೇ ಮುಗ್ಗರಿಸಿ ಬಿದ್ದರು.

ತುರ್ತು ಸಭೆ ಸೇರಿತು. ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಸದಾನಂದರು ನೋವಿನಿಂದಲೇ ಕೇಳಿದರು:

"ಎಂತ ಮಾರಾಯ್ರೆ ನೀಲಕಂಠಪ್ಪನವರೇ, ನಂಬಿ ನಿಂತವರಿಗೆ ಹೀಗೆ ಮಾಡುವುದಾ?"

"ಅಲ್ರಿ ಸೆಕ್ರೆಟರಿ ಸಾಹೇಬ್ರ, ಕಾರು ಚಾಲೂ ಆಗೂದು ತಪ್ಪೇನ್ರಿ?"

"ಬೇರೆಯವರ ಕಾರು ಆಗಲಿ, ನಾವು ಮಾತಾಡಿದ್ದುಂಟಾ? ನಿಮ್ಮದು ಸಾರ್ವಜನಿಕ ಕಾರು."

"ನನ್ನ ಹೆಂಡ್ತಿ ಮಲಾಡಕ್ಕ ಹೋಗ್ಬೇಕ್ರಿ. ಅದಕ್ಕಂತನ ಕಾರ ತಗೊಂಡದ್ದು."

 ಇಷ್ಟು ದಿನ ಆ ಕಾರು ಯಾಕೆ ಬಂತೆಂದು ಯಾರೂ ಕೇಳಿರಲಿಲ್ಲ. ಸದಾನಂದರು ಪಕ್ಕದವರೊಂದಿಗೆ ಪಿಸುಗುಟ್ಟಿ, ಗಂಟಲು ಸರಿಪಡಿಸಿಕೊಂಡು ನಿರ್ಣಯ ಓದಿದರು. ಒಂದು, ಬ್ಯಾಟರಿಯನ್ನು ತೆಗೆದು ಸೊಸೈಟಿಯ ಆಫೀಸಿನಲ್ಲಿ ಬೀಗ ಹಾಕಿ ಇಡುವುದು. ಎರಡು, ಶ್ರೀಮತಿ ಶರಣವ್ವನವರನ್ನು ಸದಸ್ಯರೇ ಮಲಾಡಿಗೆ ತಳ್ಳಿಕೊಂಡು ಹೋಗುವುದು.

ಚಪ್ಪಾಳೆ ಬಿತ್ತು. ನೀಲಕಂಠಪ್ಪನವರೂ, ತಮಗೇ ತಿಳಿಯದಂತೆ, ತಟ್ಟಿದರು.

ತೊಟ್ಟಿಲ ಕಾರ್ಯದ ದಿನ ಬೆಳಗ್ಗೆಯೇ ಕಾರು ಹೊರಟಿತು. ಶರಣವ್ವ ಇಳಕಲ್ ಸೀರೆ ಉಟ್ಟು, ಕುಂಚಿಗೆಯ ಪೊಟ್ಟಣ ಹಿಡಿದು, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. ಕಿಟಕಿಗಳು ತೆರೆದಿದ್ದವು, ಗಾಳಿ ಬರುತ್ತಿತ್ತು. ಪೊವಾಯಿ ಮುಟ್ಟುವವರೆಗೆ ಕೆಲವು ವಾಹನಗಳು ಅವರನ್ನು ದಾಟಿಹೋದವು. ಪೊವಾಯಿಯ ಟ್ರಾಫಿಕ್ಕಿನಲ್ಲಿ ಆ ವಾಹನಗಳೆಲ್ಲ ಮತ್ತೆ ಸಿಕ್ಕವು.

ಸಿಗ್ನಲ್ಲಿನಲ್ಲಿ ಒಬ್ಬ ಹವಾಲ್ದಾರ ಕಾರನ್ನು ತಡೆದ. ಹೊಗೆಯ ಸರ್ಟಿಫಿಕೇಟು ಕೇಳಿದ. ಹೊಗೆಯೇ ಇಲ್ಲವೆಂದರು. ವೇಗದ ಮಿತಿ ಮೀರಿದ್ದೀರಾ ಎಂದು ಕೇಳಿ ತಾನೇ ನಾಚಿಕೊಂಡ. ಕಾರಿನೊಳಗೆ ಬಗ್ಗಿ ನೋಡಿದರೆ ಶರಣವ್ವ ಬೆಲ್ಟು ಹಾಕಿಕೊಂಡಿದ್ದಳು. ತಳ್ಳುವವರಿಗೆ ಲೈಸೆನ್ಸ್ ಬೇಕೆಂದು ಎಲ್ಲೂ ಬರೆದಿಲ್ಲವೆಂಬುದು ಅವನಿಗೆ ಗೊತ್ತಿತ್ತು. ಇಷ್ಟು ನಿರ್ದೋಷಿಯಾದ ಕಾರನ್ನು ಅವನು ತನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. "ಪುಢೇ ಚಲಾ" ಎಂದು ಮರಾಠಿಯಲ್ಲಿ ಮುಂದೆ ಹೋಗಲು ಹೇಳಿ, ತಾನೂ ಒಂದು ಕೈ ಕೊಟ್ಟು ಸಿಗ್ನಲ್ ದಾಟಿಸಿದ.

ಮಲಾಡ್ ಮುಟ್ಟುವಾಗ ತೊಟ್ಟಿಲಿಗೆ ಹೂವು ಕಟ್ಟುತ್ತಿದ್ದರು. ಸದಾನಂದರು ಬಾಗಿಲು ತೆರೆದು ಹಿಡಿದರು. ದೇವಕ್ಕ ಓಡಿಬಂದು ತಂಗಿಯನ್ನು ತಬ್ಬಿಕೊಂಡಳು. ಇಬ್ಬರೂ ಅಳುತ್ತ ಶುರು ಮಾಡಿ ನಗುತ್ತ ಮುಗಿಸಿದರು. ತಳ್ಳಿದವರಿಗೆ ಪಂಕ್ತಿ ಹಾಕಿ ಹೋಳಿಗೆ ಬಡಿಸಲಾಯಿತು. ಊಟ ಮುಗಿಯುವಷ್ಟರಲ್ಲಿ ದೇವಕ್ಕನ ಬಿಲ್ಡಿಂಗಿನ ಸೆಕ್ರೆಟರಿ ಬಂದು, ಇಂಥ ಕಾರು ಎಲ್ಲಿ ಸಿಗುತ್ತದೆಂದು ಗೌರವದಿಂದ ವಿಚಾರಿಸಿದರು. ಸದಾನಂದರು ರೋಶನ್‌ನ ನಂಬರು ಕೊಟ್ಟರು. ಈಗ ಪುನರ್ಜನ್ಮ ಕಾರ್ ಬಜಾರಿನಲ್ಲಿ ಚಾಲೂ ಆಗದ ಕಾರುಗಳಿಗೆ ಬೆಲೆ ಹೆಚ್ಚು. ಚಾಲೂ ಆಗುವ ಕಾರುಗಳನ್ನು ರಿಪೇರಿಗೆ ಕಳಿಸಲಾಗಿದೆ.

ಆ ಸಂಜೆ ದೇವಕ್ಕ ತಂಗಿಯ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು: "ಹಳೇ ಕಾರ ಅಂತಾರಲ್ಲ ಶರಣಿ, ತ್ರಾಸ ಕೊಡಂಗಿಲ್ಲೇನ?"

"ಏನೂ ಇಲ್ಲಬೇ," ಎಂದಳು ಶರಣವ್ವ. "ಸದ್ದಿಲ್ಲ, ಹೊಗಿ ಇಲ್ಲ, ಹೂವಿನಂಗ ಬಂದೆ. ಇಂಜಿನ್ ಚಾಲೂ ಮಾಡಿದ್ರಷ್ಟ ತ್ರಾಸ."