ಮಲಗಿದ ಯಂತ್ರಗಳು ಎದ್ದಾಗ

ಮಣಿಪಾಲದಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿ ಉಂಟು. ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಯಂತ್ರಗಳನ್ನು ಮಾಡಿ ಕೊಡುತ್ತೇನೆ. ಇವು ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ, ಬ್ಯಾಟರಿ ಉಳಿಯಬೇಕಲ್ಲ. ಒಳಗೆ ಎಚ್ಚರವಾಗಿರುವುದು ಒಂದು ಸಣ್ಣ ಗಡಿಯಾರ ಮಾತ್ರ. ಹೊತ್ತಾದಾಗ ಅದು ಯಂತ್ರವನ್ನು ತಟ್ಟಿ ಎಬ್ಬಿಸುತ್ತದೆ, ಯಂತ್ರ ಕೆಲಸ ಮುಗಿಸಿ ಮತ್ತೆ ಮಲಗುತ್ತದೆ. ಕೇಳಲಿಕ್ಕೆ ಇಷ್ಟೇ. ಆದರೆ ಇದನ್ನು ನಂಬಿ ನಾನು ಎಷ್ಟು ಸಲ ಎದೆ ಒಡೆದುಕೊಂಡಿದ್ದೇನೆ ಎಂದು ಲೆಕ್ಕವಿಟ್ಟಿಲ್ಲ.

ಗದ್ದೆಯಲ್ಲಿ ನಿದ್ದೆ

ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಒಬ್ಬ ಅಕ್ಕನ ಗದ್ದೆಯಲ್ಲಿ ಮಣ್ಣಿನ ತೇವ ನೋಡುವ ಯಂತ್ರ ನೆಟ್ಟು ಬಂದೆ. ಆರು ಗಂಟೆಗೊಮ್ಮೆ ಎದ್ದು ಅವರ ಮೊಬೈಲಿಗೆ ಮೆಸೇಜ್ ಕಳಿಸುವಂಥದ್ದು. "ಬ್ಯಾಟರಿ ಒಂದು ವರ್ಷ ಬರುತ್ತದೆ ಅಕ್ಕ, ಬೇಕಿದ್ದರೆ ಬರೆದು ಕೊಡುತ್ತೇನೆ" ಎಂದೆ.

ಹನ್ನೊಂದನೇ ದಿನ ಫೋನ್ ಬಂತು. "ನಿಮ್ಮದು ಸತ್ತಿತು."

ಓಡಿ ಹೋಗಿ ನೋಡಿದರೆ ಬ್ಯಾಟರಿ ಪೂರ್ತಿ ಖಾಲಿ. ತೊಂದರೆ ಎಲ್ಲಿ ಎಂದು ಅರ್ಧ ದಿನ ಹುಡುಕಿದೆ, ಸಿಗಲಿಲ್ಲ. ಹೊಸ ಬ್ಯಾಟರಿ ಹಾಕಿ ಬದುವಿನ ಮೇಲೆ ಕುಳಿತಿದ್ದೆ. ಅಕ್ಕ ನೀರಿನ ಪೈಪ್ ಹಿಡಿದು ಆ ಕಡೆ ಹೋಗುವಾಗ ಯಂತ್ರದ ಬಟನ್ ಒತ್ತಿದರು. ಈ ಕಡೆ ಬರುವಾಗ ಮತ್ತೊಮ್ಮೆ ಒತ್ತಿದರು.

"ಅಕ್ಕ, ಅದು ಎಂತ ಮಾಡುವುದು?"

"ಲೈಟ್ ಇಲ್ಲದೆ ಮಲಗಿರುತ್ತದಲ್ಲ, ಎಬ್ಬಿಸುವುದು."

"ಅದು ಮಲಗಲೇಬೇಕು!"

ಅಕ್ಕ ನನ್ನನ್ನೇ ದಿಟ್ಟಿಸಿ ನೋಡಿದರು. "ಎಂತ ಮಾರಾಯ್ರೆ! ಹಗಲು ಹೊತ್ತು ನನ್ನ ಗದ್ದೆಯಲ್ಲಿ ನನ್ನ ಗಂಡನೇ ಮಲಗಿದ್ದಿಲ್ಲ."

ಒಂದೇ ಸಲ

ಕಲ್ಯಾಣಪುರದ ಒಬ್ಬ ನಿವೃತ್ತ ಮೇಷ್ಟ್ರ ಬಾವಿಗೆ ನೀರಿನ ಮಟ್ಟ ಅಳೆಯುವ ಯಂತ್ರ ಕಟ್ಟಿದೆ. ಮೊದಲ ದಿನ ಸರಿಯಾಗಿ ಎದ್ದು ವರದಿ ಕೊಟ್ಟಿತು. ಆಮೇಲೆ ಒಂದು ವಾರ ಸುದ್ದಿಯೇ ಇಲ್ಲ. ಬಾವಿಗೆ ಬಿದ್ದಿತೋ ಎಂದು ಹೆದರಿ ಹೋದರೆ, ಕಟ್ಟಿದಲ್ಲೇ ಉಂಟು, ಬ್ಯಾಟರಿಯೂ ತುಂಬಿ ಉಂಟು.

ತಪ್ಪು ನನ್ನದೇ. ಗಡಿಯಾರ ಎಬ್ಬಿಸಿದ ಮೇಲೆ ಯಂತ್ರ ಅದಕ್ಕೆ "ಎದ್ದೆ" ಎಂದು ಉತ್ತರ ಕೊಡಬೇಕು. ಆ ಒಂದು ಸಾಲು ಬರೆಯಲು ನಾನು ಮರೆತಿದ್ದೆ. ಉತ್ತರ ಬಾರದಿದ್ದರೆ ಗಡಿಯಾರ ಮತ್ತೊಮ್ಮೆ ಎಬ್ಬಿಸುವುದಿಲ್ಲ. ಇದನ್ನು ಮೇಷ್ಟ್ರಿಗೆ ತಲೆ ತಗ್ಗಿಸಿಕೊಂಡು ವಿವರಿಸಿದೆ.

ಅವರು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಗಡಿಯಾರದ್ದು ಎಂತ ತಪ್ಪುಂಟು? ನಾನೂ ಹಾಗೇ ಮಾಡುವುದು. ಇವರು ಒಂದು 'ಹ್ಞೂಂ' ಅಂದರಲ್ಲವಾ ಎರಡನೇ ಸಲ ಎಬ್ಬಿಸುವುದು!"

ಲಾಂಗ್ ಬೆಲ್

ಕಾರ್ಕಳದ ಹತ್ತಿರದ ಒಂದು ಶಾಲೆಯಲ್ಲಿ ಕರೆಂಟ್ ಹೋದಾಗಲೆಲ್ಲ ಬೆಲ್ ಕೈಕೊಡುತ್ತಿತ್ತು. ನಾನು ಬ್ಯಾಟರಿಯ ಬೆಲ್ ಮಾಡಿ ಭಾನುವಾರ ಕೂರಿಸಿ ಬಂದೆ. ಸೋಮವಾರ ಹನ್ನೊಂದರ ಹೊತ್ತಿಗೆ ಹೆಡ್ ಮೇಡಂ ಫೋನ್ ಮಾಡಿದರು.

"ಶಾಲೆಯಲ್ಲಿ ಯಾರೂ ಇಲ್ಲ."

"ಯಾರೂ ಇಲ್ಲ ಅಂದರೆ?"

"ಹತ್ತೂವರೆಗೆ ಮನೆಗೆ ಬಿಡುವ ಲಾಂಗ್ ಬೆಲ್ ಆಯಿತು. ನಾನು ಆಫೀಸಿನಿಂದ ಹೊರಗೆ ಬರುವಷ್ಟರಲ್ಲಿ ಗೇಟಿನ ಹತ್ತಿರ ಬರೀ ಧೂಳು!"

ಗಡಿಯಾರಕ್ಕೆ ಸಮಯ ತುಂಬಿಸುವಾಗ ಗ್ರೀನಿಚ್ ಸಮಯಕ್ಕೆ ಕೂಡಿಸಬೇಕಾದ ಭಾರತದ ಐದೂವರೆ ಗಂಟೆಯನ್ನು ಎರಡು ಸಲ ಕೂಡಿಸಿದ್ದೆ. ಅದರ ಮಟ್ಟಿಗೆ ಆಗ ಸಂಜೆ ನಾಲ್ಕು. ಪುಣ್ಯಕ್ಕೆ ಮಕ್ಕಳೆಲ್ಲ ಅಕ್ಕಪಕ್ಕದ ಮನೆಯವರು, ಒಬ್ಬರೂ ತಪ್ಪದೆ ಮನೆ ಮುಟ್ಟಿದ್ದರು.

"ಟೀಚರುಗಳಾದರೂ ತಡೆಯಬಾರದಿತ್ತಾ ಮೇಡಂ?" ಎಂದು ಕೇಳಿದೆ.

ಮೇಡಂ ಹೇಳಿದರು: "ಮೊದಲು ಗೇಟು ದಾಟಿದ್ದೇ ಅವರು."

ತಿಂಗಳಿಗೊಂದು ಮಾತ್ರೆ

ಕಾಪುವಿನಲ್ಲಿದ್ದ ನನ್ನ ದೊಡ್ಡಪ್ಪನಿಗೆ ಡಾಕ್ಟರು ತಿಂಗಳಿಗೊಂದು ವಿಟಮಿನ್ ಮಾತ್ರೆ ಬರೆದಿದ್ದರು. ದಿನದ ಮಾತ್ರೆ ನೆನಪಿರುತ್ತಿತ್ತು, ಇದು ಮರೆತು ಹೋಗುತ್ತಿತ್ತು. ಅದಕ್ಕೆ ಒಂದು ಡಬ್ಬಿ ಮಾಡಿ ಕೊಟ್ಟೆ. ತಿಂಗಳಿಡೀ ಮಲಗಿದ್ದು, ಒಂದನೇ ತಾರೀಕು ಮಧ್ಯಾಹ್ನ ಹನ್ನೆರಡೂವರೆಗೆ ಎದ್ದು ಮಾತಾಡುತ್ತದೆ. ಮುಚ್ಚಳ ತೆರೆಯದಿದ್ದರೆ ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಹೇಳುತ್ತದೆ. ಬೇರೆಯವರು ಹೇಳಿದರೆ ತಾನು ಕೇಳುವುದಿಲ್ಲವೆಂದು ದೊಡ್ಡಪ್ಪ ಎರಡು ಮಾತನ್ನೂ ತನ್ನ ದನಿಯಲ್ಲೇ ರೆಕಾರ್ಡ್ ಮಾಡಿಸಿಕೊಂಡರು.

ಕಳೆದ ವರ್ಷ ಅವರು ತೀರಿಕೊಂಡರು. ತುಂಬಿದ ಬಾಳು, ನಿದ್ದೆಯಲ್ಲೇ ಹೋದರು. ಡಬ್ಬಿ ಕಪಾಟಿನಲ್ಲಿ ಉಳಿದದ್ದು ಯಾರಿಗೂ ನೆನಪಿರಲಿಲ್ಲ, ನನಗೂ.

ಹದಿಮೂರನೇ ದಿನದ ಉತ್ತರಕ್ರಿಯೆ ಬಿದ್ದದ್ದು ಒಂದನೇ ತಾರೀಕಿಗೆ. ಮನೆ ತುಂಬ ಜನ. ಭಟ್ಟರು ಬೆಳಗ್ಗಿನಿಂದ ಕುಳಿತು, ದೊಡ್ಡಪ್ಪನ ಆತ್ಮವನ್ನು ಕ್ರಮವಾಗಿ ಕಳಿಸಿಕೊಟ್ಟು, ಆಗಷ್ಟೇ ಬೆವರು ಒರೆಸಿಕೊಂಡಿದ್ದರು. ಫೋಟೋದ ಎದುರು ಬಾಳೆಎಲೆಯಲ್ಲಿ ಎಡೆ ಇಟ್ಟಾಗಿತ್ತು. ಎಲ್ಲರೂ ಕೈ ಮುಗಿದು ನಿಂತಿದ್ದೆವು.

ಕಪಾಟಿನೊಳಗಿಂದ ದೊಡ್ಡಪ್ಪ ಕೆಮ್ಮಿದರು. ಆಮೇಲೆ ಗಟ್ಟಿಯಾಗಿ ಕೇಳಿದರು: "ಊಟಕ್ಕೆ ಆಯಿತಾ? ನನಗೆ ಮಾತ್ರೆ ಉಂಟು."

ಪಾಯಸದ ಪಾತ್ರೆ ಹಿಡಿದವನು ಅದನ್ನು ಅಲ್ಲೇ ಬಿಟ್ಟ. ಸೋದರತ್ತೆ ಕುಸಿದು ಕುಳಿತರು. ಯಾರೋ ಹಿತ್ತಿಲಿಗೆ ಓಡಿದ ಸದ್ದಾಯಿತು. ನನಗೆ ಡಬ್ಬಿಯ ನೆನಪಾಯಿತು, ಆದರೆ ನಾಲಿಗೆ ಏಳಲಿಲ್ಲ. ಅಲುಗದೆ ನಿಂತಿದ್ದವರು ದೊಡ್ಡಮ್ಮ ಒಬ್ಬರೇ. ಐವತ್ತು ವರ್ಷದ ಅಭ್ಯಾಸ. ಕಪಾಟಿನ ಕಡೆ ತಿರುಗಿ, "ನಿಮಗೆ ಯಾವಾಗಲೂ ಅವಸರವೇ! ಎಡೆ ಇಟ್ಟಾಗಿದೆ ಕಾಣುವುದಿಲ್ಲವಾ?" ಎಂದು ಗದರಿಸಿದರು.

ನಾನು ಕಪಾಟಿನ ಹತ್ತಿರ ಓಡಿದೆ. ಬೀಗ ಹಾಕಿತ್ತು. ಕೀಲಿಕೈ ಹುಡುಕುವಷ್ಟರಲ್ಲಿ ಎರಡು ನಿಮಿಷ ಕಳೆಯಿತು.

"ಎಂತ, ಯಾರಿಗೂ ಕೇಳುವುದಿಲ್ಲವಾ?" ದೊಡ್ಡಪ್ಪನ ದನಿ ಈಗ ಸಿಟ್ಟಿನಲ್ಲಿತ್ತು. "ನಾನು ಇಲ್ಲೇ ಇದ್ದೇನೆ!"

ಭಟ್ಟರು ಕಪಾಟನ್ನು ನೋಡಿದರು, ಫೋಟೋ ನೋಡಿದರು. ಕೊನೆಗೆ ನನ್ನ ಭುಜ ಹಿಡಿದು ಮೆಲ್ಲಗೆ ಕೇಳಿದರು:

"ಹಾಗಾದರೆ ನಾನು ಬೆಳಗ್ಗಿನಿಂದ ಕಳಿಸಿದ್ದು ಯಾರನ್ನು, ಮಾರಾಯ?"